ಹಳೆಯ ಅಂಬಾಸಿಡರ್ ಬಿಸಿಯಾದಾಗ ನಿಲ್ಲುತ್ತದೆ, ಮಳೆಯಲ್ಲಿ ಮಿಸ್ ಹೊಡೆಯುತ್ತದೆ. ಹೊಸಬ ಇಗ್ನಿಷನ್ ರಿಪೇರಿ ಎಲ್ಲಿಂದ ಶುರು ಮಾಡಬೇಕು?

ನಿಮ್ಮದು 1489 ಸಿಸಿ ಪೆಟ್ರೋಲ್ ಎಂಜಿನ್ನಿನ, ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಅಂಬಾಸಿಡರ್. ಬೆಳಿಗ್ಗೆ ಸೆಲ್ಫ್ ತಿರುಗಿದರೂ ಹೊತ್ತಿಕೊಳ್ಳಲು ಸತಾಯಿಸುತ್ತದೆ, ಅರ್ಧ ಗಂಟೆ ಓಡಿದ ಮೇಲೆ ನಿಂತು, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಮಳೆ ಬಂದರೆ ಮಿಸ್ ಹೊಡೆಯುತ್ತದೆ ಎಂದಿದ್ದೀರಿ. ಕಾಯಿಲ್ (ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟ್ ಮಾಡುವ ಭಾಗ), ಪ್ಲಗ್, ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ಮುಖ ಸುಡದಂತೆ ತಡೆಯುವ ಸಣ್ಣ ಡಬ್ಬಿ) ಎಲ್ಲ ಒಟ್ಟಿಗೆ ಹೊಸದು ಹಾಕಿಸಿಬಿಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಹಾಗೆ ಮಾಡಬೇಡಿ. ಈಗ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರ್, ಕಿಡಿಯನ್ನು ಒಂದೊಂದೇ ಪ್ಲಗ್ಗಿಗೆ ಹಂಚುತ್ತ ತಿರುಗುವ ರೋಟರ್‌ಗಳಲ್ಲಿ ಕಳಪೆ ಮಾಲು ಬಹಳ. ನಾಲ್ಕು ಭಾಗ ಒಮ್ಮೆಲೇ ಬದಲಿಸಿ, ಅದರಲ್ಲಿ ಒಂದು ಹೊಸದೇ ಕೆಟ್ಟಿದ್ದರೆ ದೋಷ ಎಲ್ಲಿದೆ ಎಂದು ಪತ್ತೆಯೇ ಆಗುವುದಿಲ್ಲ. ಕರೆಂಟ್ ಬ್ಯಾಟರಿಯಿಂದ ಪ್ಲಗ್‌ವರೆಗೆ ಹೋಗುವ ದಾರಿಯಲ್ಲಿ ಎಲ್ಲಿ ನಿಂತಿದೆ ಎಂದು ಮೊದಲು ಹುಡುಕಿ, ಆಮೇಲೆ ಅದೊಂದನ್ನೇ ಬದಲಿಸಿ. ಬೇಕಾದ ಸಾಮಾನು ಕಡಿಮೆ: ಒಂದು ಮಲ್ಟಿಮೀಟರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಪ್ಲಗ್ ಸ್ಪ್ಯಾನರ್, ಪ್ಲಾಸ್ಟಿಕ್ ಹಿಡಿಯ ಇಕ್ಕಳ, ನಯವಾದ ಉಪ್ಪುಕಾಗದ.

ಕೆಲಸಕ್ಕೆ ಕೈಹಾಕುವ ಮುಂಚೆ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಕಾಯಿಲ್‌ನಿಂದ ಹೊರಡುವ ದಪ್ಪ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೂ ಬರಬಾರದು. ಪೆಟ್ರೋಲ್ ಸೋರಿದ ವಾಸನೆ ಇದ್ದರೆ ಕಿಡಿ ಪರೀಕ್ಷೆಯೇ ಬೇಡ, ಮೊದಲು ಸೋರಿಕೆ ನಿಲ್ಲಿಸಿ.

ಬ್ಯಾಟರಿಯಿಂದ ಶುರು ಮಾಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗೆ ಬಿದ್ದರೆ ಕಾಯಿಲ್‌ಗೂ ಸಾಕಷ್ಟು ಕರೆಂಟ್ ಸಿಗುವುದಿಲ್ಲ, ಕಿಡಿ ಸೊರಗುತ್ತದೆ. ಬೆಳಗಿನ ಸತಾಯಿಸುವಿಕೆಗೆ ಎಷ್ಟೋ ಸಲ ಕಾರಣ ಇಷ್ಟೇ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ. ಎಂಜಿನ್ನಿನಿಂದ ಗಾಡಿಯ ಬಾಡಿಯ ಲೋಹಕ್ಕೆ ಹೋಗುವ ಅರ್ಥಿಂಗ್ ಪಟ್ಟಿಯ ಎರಡೂ ತುದಿ ಬಿಚ್ಚಿ ಉಜ್ಜಿ ಹಾಕಿ. ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಯ ಲೋಹಕ್ಕೆ ಸೇರಿದೆ ಎಂಬುದನ್ನೂ ನೋಡಿಕೊಳ್ಳಿ, ಇಷ್ಟು ಹಳೆಯ ವಿನ್ಯಾಸದಲ್ಲಿ ಪಾಸಿಟಿವ್ ಅರ್ಥಿಂಗ್ ಇರುವ ಗಾಡಿಗಳೂ ಉಂಟು. ಮುಂದೆ ಹೇಳುವುದೆಲ್ಲ ನೆಗೆಟಿವ್ ಅರ್ಥಿಂಗ್ ಲೆಕ್ಕದಲ್ಲಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ನಾಲ್ಕು ಪ್ಲಗ್‌ಗೆ ಹಂಚುವ ಭಾಗ) ಕ್ಯಾಪಿನ ನಡುವಿನ ದಪ್ಪ ವೈರ್ ಕಿತ್ತು, ಅದರ ತುದಿಯನ್ನು ಇಕ್ಕಳದಲ್ಲಿ ಎಂಜಿನ್ ಬ್ಲಾಕಿನಿಂದ ಸುಮಾರು 6 ಮಿ.ಮೀ. ದೂರದಲ್ಲಿ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಚಟ್ ಚಟ್ ಎಂದು ನೀಲಿ-ಬಿಳಿ ಕಿಡಿ ಹಾರಿದರೆ ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್ ಸದ್ಯಕ್ಕೆ ಸರಿ ಇವೆ. ಹಾಗಾದರೆ ಇಗ್ನಿಷನ್ನಿನಲ್ಲಿ ದೋಷ ಇದ್ದರೆ ಅದು ಕ್ಯಾಪ್, ರೋಟರ್, ವೈರ್, ಪ್ಲಗ್‌ಗಳಲ್ಲಿ ಇದೆ. ಕಿಡಿ ಬರದಿದ್ದರೆ ಅಥವಾ ಸಣ್ಣಗೆ ಹಳದಿಯಾಗಿ ಬಂದರೆ ದೋಷ ಕಾಯಿಲ್ ಕಡೆಗಿದೆ. ಈ ಒಂದು ಪರೀಕ್ಷೆಗೇ ಹುಡುಕಾಟ ಅರ್ಧ ಆಗುತ್ತದೆ. ವೈರನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಮಾತ್ರ ಸೆಲ್ಫ್ ಹೊಡೆಯಬೇಡಿ, ಕಿಡಿಗೆ ಹೋಗಲು ದಾರಿ ಸಿಗದಿದ್ದರೆ ಕಾಯಿಲ್ ಒಳಗಿನ ಇನ್ಸುಲೇಷನ್ ಒಡೆಯುತ್ತದೆ.

ಕಿಡಿ ಬರಲಿಲ್ಲ ಎಂದುಕೊಳ್ಳಿ. ಕೀ ಆನ್ ಮಾಡಿ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ನೋಡಿ. ಹಳೆಯ ಲೂಕಾಸ್ ಕಾಯಿಲ್ ಮೇಲೆ ಎಸ್‌ಡಬ್ಲ್ಯೂ, ಸಿಬಿ ಎಂದು ಬರೆದಿರುತ್ತದೆ; ಹೊಸದರಲ್ಲಿ ಪ್ಲಸ್, ಮೈನಸ್. ಎಸ್‌ಡಬ್ಲ್ಯೂ ಅಥವಾ ಪ್ಲಸ್‌ನಲ್ಲಿ ಬ್ಯಾಟರಿಯ ವೋಲ್ಟೇಜೇ ಬರಬೇಕು. ಬರದಿದ್ದರೆ ಕೀ ಸ್ವಿಚ್ ಅಥವಾ ಅಲ್ಲಿಂದ ಬರುವ ವೈರ್ ಹುಡುಕಿ. ಸಿಬಿ ಅಥವಾ ಮೈನಸ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ವೈರ್ ಹೋಗುತ್ತದೆ. ಅಲ್ಲಿ ಪಾಯಿಂಟ್ ಮುಚ್ಚಿದ್ದಾಗ ಹೆಚ್ಚುಕಡಿಮೆ ಸೊನ್ನೆ, ತೆರೆದಾಗ 12 ವೋಲ್ಟ್ ಬರಬೇಕು. ಯಾವಾಗಲೂ 12 ಇದ್ದರೆ ಪಾಯಿಂಟ್ ಮುಖಕ್ಕೆ ಎಣ್ಣೆ ಅಥವಾ ಮಸಿ ಹತ್ತಿದೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರ್ ತುಂಡಾಗಿದೆ. ಯಾವಾಗಲೂ ಸೊನ್ನೆ ಇದ್ದರೆ ಸಾಮಾನ್ಯವಾಗಿ ಎಲ್ಲೋ ಅರ್ಥ್ ಆಗಿದೆ: ಕಂಡೆನ್ಸರ್ ಶಾರ್ಟ್, ಅಥವಾ ಪಾಯಿಂಟ್ ಕೂರಿಸಿದವರು ವಾಷರ್ ತಪ್ಪಾಗಿ ಹಾಕಿದ್ದಾರೆ. ಹೊಸಬರು ಎಡವುವ ಜಾಗ ಇದೇ. ಪಾಯಿಂಟಿನ ಸ್ಪ್ರಿಂಗ್, ಕಂಡೆನ್ಸರ್ ವೈರ್, ಕಾಯಿಲ್‌ನಿಂದ ಬಂದ ವೈರ್ ಈ ಮೂರೂ ಒಂದಕ್ಕೊಂದು ತಾಗಬೇಕು, ಆದರೆ ಅವು ಕೂರುವ ಕಂಬಕ್ಕಾಗಲಿ ನಟ್ಟಿಗಾಗಲಿ ತಾಗಬಾರದು. ನಡುವೆ ಪ್ಲಾಸ್ಟಿಕ್ ಬುಷ್ ಇರುವುದು ಅದಕ್ಕೇ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ರೋಟರ್ ಕೆಳಗಿನ ಕ್ಯಾಮ್‌ನ ಉಬ್ಬು ಪಾಯಿಂಟಿನ ಹಿಮ್ಮಡಿಯನ್ನು ಪೂರ್ತಿ ತಳ್ಳಿದ ಸ್ಥಿತಿಯಲ್ಲಿ ಅಳೆಯಬೇಕು. ಎಂಜಿನ್ ತಿರುಗಿಸಲು ಗಾಡಿಯ ಹ್ಯಾಂಡಲ್ ಇದ್ದರೆ ಕೀ ಆಫ್ ಮಾಡಿ ಅದರಲ್ಲೇ ತಿರುಗಿಸಿ. ಇಲ್ಲದಿದ್ದರೆ ಸಮತಟ್ಟು ಜಾಗದಲ್ಲಿ ಟಾಪ್ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ ಮೆಲ್ಲಗೆ ತಳ್ಳಿ. ಒಂದು ಮುಖದಲ್ಲಿ ಗುಂಡಿ, ಇನ್ನೊಂದರಲ್ಲಿ ಮೊಳೆಯಂಥ ಉಬ್ಬು ಬಂದ ಪಾಯಿಂಟ್‌ನಲ್ಲಿ ಫೀಲರ್ ಗೇಜ್ ಸುಳ್ಳು ಅಳತೆ ಕೊಡುತ್ತದೆ, ಅದನ್ನು ಬದಲಿಸುವುದೇ ಸರಿ. ಹೊಸ ಪಾಯಿಂಟ್ ಮುಖದ ಮೇಲಿನ ಎಣ್ಣೆಯ ಪದರ ಒರೆಸಿ, ಕ್ಯಾಮ್ ಮೇಲೆ ಗುಂಡುಸೂಜಿ ತಲೆಯಷ್ಟು ಗ್ರೀಸ್ ಹಚ್ಚಿ. ಹಿಮ್ಮಡಿ ಸವೆದು ಗ್ಯಾಪ್ ಕಿರಿದಾಗುವುದರಿಂದ 500 ಕಿ.ಮೀ. ಓಡಿಸಿ ಮತ್ತೆ ಅಳೆಯಿರಿ. ರೋಟರ್ ದಂಡವನ್ನು ಅತ್ತಿತ್ತ ಅಲ್ಲಾಡಿಸಿಯೂ ನೋಡಿ. ಕೈಗೆ ಆಟ ಗೊತ್ತಾದರೆ ಬುಷ್ ಸವೆದಿದೆ, ಗ್ಯಾಪ್ ಎಷ್ಟು ಸಲ ಕೂರಿಸಿದರೂ ನಿಲ್ಲುವುದಿಲ್ಲ.

ಬಿಸಿಯಾದಾಗ ನಿಲ್ಲುವ ತೊಂದರೆಯನ್ನು ತಣ್ಣಗಿರುವ ಗಾಡಿಯಲ್ಲಿ ಹುಡುಕಿ ಫಲವಿಲ್ಲ. ಗಾಡಿ ನಿಂತ ತಕ್ಷಣ, ರಸ್ತೆ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಆ ನಡುವಿನ ವೈರಿನ ಪರೀಕ್ಷೆ ಮಾಡಿ. ಕಿಡಿ ಗಟ್ಟಿಯಾಗಿದ್ದರೆ ಅದು ಬಹುಮಟ್ಟಿಗೆ ಇಗ್ನಿಷನ್ ದೋಷವೇ ಅಲ್ಲ: ಪೆಟ್ರೋಲ್ ಪಂಪು, ಪೈಪು ಬಿಸಿಯಾಗಿ ಪೆಟ್ರೋಲ್ ಆವಿಯಾಗಿದೆ, ಅಥವಾ ಹಳೆಯ ರಬ್ಬರ್ ಪೈಪು ಬಿರುಕುಬಿಟ್ಟು ಗಾಳಿ ಎಳೆಯುತ್ತಿದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ಬೇಗ ಹಾಳಾಗುತ್ತದೆ. ಇದನ್ನು ನೋಡದೆ ಕಾಯಿಲ್ ಬದಲಿಸಿದವರು ಬೇಕಾದಷ್ಟು ಜನ.

ಕಿಡಿ ಇಲ್ಲದಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್. ಕೀ ಆಫ್ ಮಾಡಿ, ವೈರ್ ಬಿಚ್ಚಿ, ಬಿಸಿ ಇರುವಾಗಲೇ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ನಡುವೆ ಓಮ್ಸ್ ಅಳೆಯಿರಿ. ಬ್ಯಾಲಾಸ್ಟ್ (ವೋಲ್ಟೇಜ್ ಇಳಿಸಲು ಕಾಯಿಲ್ ದಾರಿಯಲ್ಲಿ ಹಾಕುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲ್‌ನಲ್ಲಿ 3 ಓಮ್ ಆಸುಪಾಸು ಬರಬೇಕು. ಸಣ್ಣ ಟರ್ಮಿನಲ್‌ನಿಂದ ನಡುವಿನ ದಪ್ಪ ವೈರಿನ ರಂಧ್ರಕ್ಕೆ ಹಲವು ಸಾವಿರ ಓಮ್ ಬರುತ್ತದೆ. ಬಿಸಿಯಲ್ಲಿ ಯಾವುದಾದರೂ ಒಂದು ದಾರಿ ಕಡಿದು ಮೀಟರ್ ಅಳತೆ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಹೊಸದು ಕೊಳ್ಳುವಾಗಲೂ ಮೀಟರ್ ಇಟ್ಟು ನೋಡಿ. 1.5 ಓಮ್‌ನ ಬ್ಯಾಲಾಸ್ಟ್ ಕಾಯಿಲನ್ನು ನೇರವಾಗಿ 12 ವೋಲ್ಟಿಗೆ ಕೊಟ್ಟರೆ ಪಾಯಿಂಟ್ ಸುಟ್ಟು, ಕಾಯಿಲ್ ಕೆಂಡವಾಗಿ ನಿಮ್ಮ ತೊಂದರೆ ಮೊದಲಿಗಿಂತ ಹೆಚ್ಚಾಗುತ್ತದೆ. ಕೀ ಆನ್ ಇಟ್ಟು, ಎಂಜಿನ್ ಓಡಿಸದೆ, ಹತ್ತು ನಿಮಿಷ ಮರೆತರೂ ಕಾಯಿಲ್‌ಗೆ ಅದೇ ಗತಿ. ಕಾಯಿಲ್ ಸರಿ ಇದ್ದು, ಪಾಯಿಂಟ್ ತೆರೆಯುವಾಗ ಅದರ ಮುಖದಲ್ಲಿ ದೊಡ್ಡ ನೀಲಿ ಕಿಡಿ ಕಾಣುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಹೊಸದು ಬಿಸಿಯಲ್ಲೂ ಕೈಕೊಡುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಎಸೆಯಬೇಡಿ.

ಮಳೆಯಲ್ಲಿ ಮಿಸ್ ಹೊಡೆಯುವುದು ಕ್ಯಾಪ್, ರೋಟರ್, ವೈರುಗಳ ಕಡೆಯ ದೋಷ. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ, ವೈರುಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿ. ನೀಲಿ ಕಿಡಿ ಎಲ್ಲಿ ಹರಿದಾಡುತ್ತದೋ ಅಲ್ಲೇ ಸೋರಿಕೆ. ಫ್ಯಾನಿನಿಂದ ಕೈ, ಬಟ್ಟೆ ದೂರ ಇರಲಿ. ಎಂಜಿನ್ ನಿಲ್ಲಿಸಿ ಕ್ಯಾಪ್ ಒಳಗೆ ನೋಡಿದರೆ ಕಂಬದಿಂದ ಕಂಬಕ್ಕೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಕಾಣಬಹುದು. ಅದನ್ನು ಉಜ್ಜಿ ತೆಗೆದರೂ ಮತ್ತೆ ಬರುತ್ತದೆ, ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗ್ ಮೇಲೆ ಕುಣಿಯುತ್ತಿರಬೇಕು. ರೋಟರ್ ಪರೀಕ್ಷೆಗೆ ಕ್ಯಾಪ್ ತೆಗೆದು, ಕಾಯಿಲ್‌ನ ದಪ್ಪ ವೈರನ್ನು ರೋಟರಿನ ಹಿತ್ತಾಳೆ ತಗಡಿನಿಂದ 3 ಮಿ.ಮೀ. ಮೇಲೆ ಇಕ್ಕಳದಲ್ಲಿ ಹಿಡಿದು, ಕೀ ಆನ್ ಇಟ್ಟು, ಮುಚ್ಚಿರುವ ಪಾಯಿಂಟನ್ನು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ತೆರೆಯಿರಿ. ಕಿಡಿ ಮತ್ತೆ ಮತ್ತೆ ರೋಟರಿಗೆ ಹಾರುತ್ತಿದ್ದರೆ ಅದು ಒಳಗಿಂದ ದಂಡಕ್ಕೆ ಸೋರುತ್ತಿದೆ, ಬದಲಿಸಿ.

ವೈರು ಬಿಚ್ಚುವಾಗ ಒಂದೊಂದಕ್ಕೂ ನಂಬರ್ ಪಟ್ಟಿ ಅಂಟಿಸಿ. ರೇಡಿಯೇಟರ್ ಕಡೆಯದು 1ನೇ ಸಿಲಿಂಡರ್, ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) 1-3-4-2, ರೋಟರ್ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ. ಪ್ಲಗ್ ಗ್ಯಾಪ್ 0.6ರಿಂದ 0.65 ಮಿ.ಮೀ. ತುದಿ ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಇದ್ದರೆ ರಿಂಗ್ ಅಥವಾ ವಾಲ್ವ್ ಕಡೆ ನೋಡಬೇಕು. ಪ್ಲಗ್ಗನ್ನು ಪೂರ್ತಿ ಬೆರಳಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಸ್ಪ್ಯಾನರ್: ಹೊಸ ವಾಷರ್ ಇದ್ದರೆ ಅರ್ಧ ಸುತ್ತು, ಹಳೆಯದಾದರೆ ಕಾಲು ಸುತ್ತು.

ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ ಕೂರಿಸುವುದು, ಕೊನೆಗೆ. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ, ಆದ್ದರಿಂದ ಈ ಕ್ರಮ ತಿರುವುಮುರುವು ಆಗಬಾರದು. ಡಿಗ್ರಿ ಎಷ್ಟು ಎಂಬುದು ಎಂಜಿನ್ನಿನ ಕಂಪ್ರೆಷನ್ ಮೇಲೆ ನಿಂತಿದೆ, ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ರೋಟರ್ 1ನೇ ವೈರಿನ ಕಡೆ ಇರುವಂತೆ, ಪುಲ್ಲಿಯ ಗುರುತು ಆ ಡಿಗ್ರಿಗೆ ಬರುವಂತೆ ಎಂಜಿನ್ ತಿರುಗಿಸಿ. ಕಾಯಿಲ್‌ನ ಸಿಬಿ (ಅಥವಾ ಮೈನಸ್) ಮತ್ತು ಬಾಡಿ ನಡುವೆ ಟೆಸ್ಟ್ ಲ್ಯಾಂಪ್ ಹಾಕಿ, ಕೀ ಆನ್ ಮಾಡಿ, ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ. ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೆ ತುಸು ತಿರುಗಿಸಿದರೆ ಲ್ಯಾಂಪ್ ಆರುತ್ತದೆ. ಈಗ ಎದುರು ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತಾ ಬನ್ನಿ, ಲ್ಯಾಂಪ್ ಹೊತ್ತಿದ ಕ್ಷಣದಲ್ಲೇ ನಿಲ್ಲಿಸಿ ಕ್ಲ್ಯಾಂಪ್ ಬಿಗಿ ಮಾಡಿ. ಘಾಟಿ ಏರುವಾಗ ಎಂಜಿನ್ ಟಣಟಣ ಎಂದು ಬಡಿದರೆ ಟೈಮಿಂಗ್ ಮುಂದಾಗಿದೆ, ಸ್ವಲ್ಪ ಹಿಂದಕ್ಕೆ ತನ್ನಿ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಲು ನಿಮಗೆ ಯಾರಾದರೂ ಹೇಳಬಹುದು. ಕಿಟ್ ಒಳ್ಳೆಯದೇ, ಆದರೆ ಸವೆದ ಬುಷ್, ಸೀಳಿದ ಕ್ಯಾಪ್, ಕೆಟ್ಟ ಅರ್ಥಿಂಗ್ ಅದರಿಂದ ಸರಿಹೋಗುವುದಿಲ್ಲ. ಇವೆಲ್ಲ ಸರಿಯಾದ ಮೇಲೆ ಹಾಕಿಸಿ. ಹಾಕಿಸಿದರೂ ಓಡುತ್ತಿದ್ದ ಹಳೆಯ ಪಾಯಿಂಟ್, ಕಂಡೆನ್ಸರ್, ಫೀಲರ್ ಗೇಜ್ ಡಿಕ್ಕಿಯಲ್ಲೇ ಇರಲಿ: ಕಿಟ್ ದಾರಿಯಲ್ಲಿ ಕೈಕೊಟ್ಟರೆ ಅಲ್ಲೇ ರಿಪೇರಿ ಮಾಡಲು ಆಗುವುದಿಲ್ಲ, ಪಾಯಿಂಟನ್ನಾದರೆ ಉಪ್ಪುಕಾಗದದಲ್ಲಿ ಉಜ್ಜಿ ಮನೆಗೆ ಬರಬಹುದು.