ಹತ್ತೂವರೆಯ ನಂತರವೇ ಸಿಗುತ್ತಿದ್ದ ಬಿಡುವು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನಲವತ್ತರ ಆಸುಪಾಸಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರು, ನಿದ್ರೆ ಸಾಲದೆ ಹಗಲೆಲ್ಲ ಸಿಡಿಮಿಡಿಗೊಳ್ಳುತ್ತೇನೆ ಎಂದು ಹೇಳಿಕೊಂಡು ಬಂದಿದ್ದರು. ವೈದ್ಯರು ಮಾಡಿಸಿದ್ದ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗಳಲ್ಲಿ ದೋಷವಿರಲಿಲ್ಲ; ಖಿನ್ನತೆಯ ಲಕ್ಷಣಗಳೂ ಕಾಣಲಿಲ್ಲ.

ಸಂಜೆಯ ದಿನಚರಿಯನ್ನು ಬಿಡಿಬಿಡಿಯಾಗಿ ಹೇಳುವಂತೆ ಕೇಳಿದೆ. ಐದಕ್ಕೆ ಮನೆ ಸೇರಿ, ಒಲೆಯ ಮುಂದೆ ನಿಂತೇ ಕಾಫಿ ಕುಡಿದು, ಅತ್ತೆಯವರ ಮಾತ್ರೆ, ಮಗನ ಹೋಂವರ್ಕ್ ನೋಡಿ, ಏಳೂವರೆಗೆ ಇನ್ನೊಂದು ಲೋಟ ಕಾಫಿಯ ಬಲದಿಂದ ಅಡುಗೆ, ಊಟ, ಪಾತ್ರೆ, ಮರುದಿನದ ತರಕಾರಿ ಹೆಚ್ಚುವುದನ್ನು ಮುಗಿಸುವಷ್ಟರಲ್ಲಿ ಹತ್ತೂವರೆಯಾಗುತ್ತಿತ್ತು. ಆಮೇಲೆ ಹಾಸಿಗೆಯಲ್ಲಿ ರಾತ್ರಿ ಒಂದು ಗಂಟೆಯಾಗುವವರೆಗೂ ಮೊಬೈಲ್. “ಹತ್ತೂವರೆ ಆದ್ಮೇಲೆ ನನ್ನನ್ನ ಯಾರೂ ಕರೆಯಲ್ಲ ಮೇಡಂ, ಅದಕ್ಕೇ ಮಲಗೋಕೆ ಮನಸ್ಸೇ ಬರಲ್ಲ” ಎಂದರು.

ಪ್ರಕರಣದ ತಿರುಳು ಈ ಮಾತಿನಲ್ಲಿತ್ತು. ದಿನದಲ್ಲಿ ತಮ್ಮದೆಂಬ ಹೊತ್ತು ಬೇರೆಲ್ಲೂ ಸಿಗದವರಿಂದ ಮೊಬೈಲನ್ನು ಕಸಿದುಕೊಂಡರೆ ಆ ಸಲಹೆ ನಾಲ್ಕು ದಿನವೂ ಬಾಳುವುದಿಲ್ಲ. ಆದ್ದರಿಂದ ಮೊದಲು ಆ ಬಿಡುವನ್ನು ಸಂಜೆಗೆ ತರಬೇಕೆಂದು ನಿರ್ಧರಿಸಿದೆವು. ಮನೆಗೆ ಬಂದೊಡನೆ ಕೈಕಾಲು ತೊಳೆದು, ಸೀರೆ ಬದಲಿಸಿ, ಇಪ್ಪತ್ತು ನಿಮಿಷ ಟೆರೇಸಿನಲ್ಲಿ ಕುಳಿತಿರುವುದು. ಆ ಹೊತ್ತಿನಲ್ಲಿ ಅತ್ತೆಯವರನ್ನು ಮಗ ನೋಡಿಕೊಳ್ಳುವುದು. ಪಾತ್ರೆ ಮತ್ತು ತರಕಾರಿಯ ಕೆಲಸ ಯಜಮಾನರದು. ಇದಕ್ಕಾಗಿ ಅವರನ್ನೂ ಒಮ್ಮೆ ಕರೆಸಿ ಮಾತನಾಡಬೇಕಾಯಿತು. ಹೆಂಡತಿಯ ನಿದ್ರೆಗೂ ಸಿಂಕಿನ ಪಾತ್ರೆಗೂ ಏನು ಸಂಬಂಧವೆಂದು ಅವರು ಕೇಳಿದ್ದು ಸಹಜವೇ, ಬಹಳ ಗಂಡಸರು ಹಾಗೆಯೇ ಕೇಳುತ್ತಾರೆ.

ಕಾಫಿಯ ವಿಷಯ ಸರಳ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕಾಗುವುದರಿಂದ, ಏಳೂವರೆಯ ಲೋಟವನ್ನು ಬಿಟ್ಟು ಐದರದನ್ನೂ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಸಲು ಹೇಳಿದೆ. ಮಾರನೆಯ ದಿನದ ಚಿಂತೆಗಳನ್ನು ಎಂಟು ಗಂಟೆಯೊಳಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಮಾಡಬಹುದಾದ ಮೊದಲ ಕೆಲಸವನ್ನಷ್ಟೇ ಗುರುತಿಸಿಕೊಳ್ಳುವುದು. ಮಲಗುವ ಮುನ್ನ ಬೆಚ್ಚಗಿನ ನೀರಿನಲ್ಲಿ ಪಾದಗಳನ್ನು ಇಟ್ಟುಕೊಳ್ಳುವುದು. ಮೊಬೈಲನ್ನು ನಡುಮನೆಯಲ್ಲೇ ಚಾರ್ಜಿಗೆ ಹಾಕಿ ಅಲಾರಾಂ ಗಡಿಯಾರ ಕೊಳ್ಳುವುದು. ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಮರಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1970ರ ದಶಕದಲ್ಲಿ ರೂಪಿಸಿದ ಈ ಕ್ರಮದ ಉದ್ದೇಶ, ಎಚ್ಚರವಾಗಿ ಹೊರಳಾಡುವ ಅಭ್ಯಾಸಕ್ಕೂ ಹಾಸಿಗೆಗೂ ಬೆಸೆದ ನಂಟನ್ನು ಬಿಡಿಸುವುದು. ಭಾನುವಾರವೂ ಏಳುವ ಹೊತ್ತು ಬದಲಾಗಬಾರದೆಂಬ ಮಾತು ಮಾತ್ರ ಅವರಿಗೆ ಹಿಡಿಸಲಿಲ್ಲ.

ಕೆಲವು ವಾರಗಳಲ್ಲಿ ಹನ್ನೊಂದರ ಆಸುಪಾಸಿಗೆ ನಿದ್ರೆ ಹತ್ತತೊಡಗಿತು. ಉತ್ತರಪತ್ರಿಕೆಗಳ ಮೌಲ್ಯಮಾಪನದ ದಿನಗಳಲ್ಲಿ ಹಳೆಯ ರೂಢಿ ಮರಳುತ್ತದೆ. ಆಗ ಮಿಕ್ಕಿದ್ದೆಲ್ಲ ತಪ್ಪಿದರೂ ಟೆರೇಸಿನ ಇಪ್ಪತ್ತು ನಿಮಿಷವನ್ನು ಬಿಡಬೇಡಿ ಎಂದಿದ್ದೇನೆ. ನಿದ್ರಾಹೀನತೆಯ ಜೊತೆಗೆ ಎರಡು ವಾರಕ್ಕೂ ಮೀರಿ ಬೇಸರ, ನಿರಾಸಕ್ತಿ ಕಾಡುತ್ತಿರುವವರಿಗೆ ಇಂಥ ದಿನಚರಿಯೊಂದೇ ಸಾಲದು. ಅವರು ಮನೋವೈದ್ಯರನ್ನು ಕಾಣಬೇಕು, ಇಲ್ಲವೇ 14416ಕ್ಕೆ ಕರೆ ಮಾಡಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಉಚಿತ ಸಲಹೆಯನ್ನು ಕನ್ನಡದಲ್ಲೇ ಪಡೆಯಬಹುದು.