ಬಣ್ಣ ಹಚ್ಚಿಸುತ್ತಾ ಮಕ್ಕಳಿಗೆ ಜೀರುಂಡೆಗಳ ಬಗ್ಗೆ ಹೇಳಿಕೊಡುವುದು ಹೇಗೆ?

ನಿಮ್ಮ ಆರು ವರ್ಷದ ಮಗಳಿಗೆ ಬಣ್ಣ ಹಚ್ಚುವುದೆಂದರೆ ಪ್ರಾಣ, ಹುಳ ಕಂಡರೆ ಮಾತ್ರ ಹೆದರಿಕೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ನಲಿ-ಕಲಿ ತರಗತಿಯ ಶಿಕ್ಷಕಿ. ನನ್ನ ಅನುಭವದಲ್ಲಿ, ಮಗು ಮೊದಲು ಹುಳ ನೋಡಬೇಕು, ಆಮೇಲೆ ಕ್ರೆಯಾನ್ ಹಿಡಿಯಬೇಕು.

ಇದನ್ನು ನನಗೆ ಕಲಿಸಿದವನು ಎರಡನೇ ತರಗತಿಯ ಒಬ್ಬ ಹುಡುಗ. ಗುಲಗಂಜಿ ಹುಳದ (ಲೇಡಿಬರ್ಡ್ ಎನ್ನುವ ಪುಟ್ಟ ಜೀರುಂಡೆ) ಚಿತ್ರ ಜೆರಾಕ್ಸ್ ಮಾಡಿಸಿ ಹಂಚಿದ್ದೆ. ಎಲ್ಲರೂ ಕೆಂಪು ಬಳಿದು ಕಪ್ಪು ಚುಕ್ಕಿ ಇಡುತ್ತಿದ್ದರು, ಅವನು ಸುಮ್ಮನೆ ಕೂತಿದ್ದ. ಕೇಳಿದರೆ, "ಮಿಸ್, ನಮ್ಮ ಅಲಸಂದೆ ಗಿಡದಾಗೆ ಇರೋದಕ್ಕೆ ಚುಕ್ಕಿನೇ ಇಲ್ಲ, ಹಾವು ಹರಿದಂಗೆ ಗೆರೆ ಐತೆ" ಅಂದ. ಅವನು ಹೇಳಿದ್ದೇ ಸರಿ. ನಮ್ಮ ಹೊಲಗಳಲ್ಲಿ ಅಂಕುಡೊಂಕು ಗೆರೆಯ ಗುಲಗಂಜಿ ಹುಳ ಧಾರಾಳವಾಗಿದೆ. ಏಳು ಚುಕ್ಕಿಯದೂ ಉಂಟು. ಬದನೆ ಎಲೆಯ ಹಸಿರು ಕೆರೆದು ಜಾಳಿಗೆ ಮಾಡುವ 28 ಚುಕ್ಕಿಯದೂ ಉಂಟು. ಅಂದಿನಿಂದ ಜೆರಾಕ್ಸ್ ಬಿಟ್ಟೆ. ಅಂಥ ಹಾಳೆಗಳಲ್ಲಿ ಕಾಲುಗಳನ್ನು ಹೊಟ್ಟೆಗೆ ಅಂಟಿಸಿರುವುದೇ ಹೆಚ್ಚು. ನಿಜದಲ್ಲಿ ಆರು ಕಾಲೂ ಹುಟ್ಟುವುದು ನಡುಭಾಗದ ಎದೆಯಿಂದ.

ಹುಳವನ್ನು ಗಾಜಿನ ಬಾಟಲಿಯಲ್ಲಿಟ್ಟು ಹತ್ತು ನಿಮಿಷ ನೋಡಲಿ, ಆಮೇಲೆ ಸಿಕ್ಕ ಗಿಡಕ್ಕೇ ಬಿಟ್ಟುಬಿಡಿ. ಮುಟ್ಟು ಎಂದು ಒತ್ತಾಯ ಬೇಡ. ತೊಗರಿ, ದಾಸವಾಳದ ಹೂವಿನ ಮೇಲೆ ಕೂರುವ ಕಪ್ಪು-ಕಿತ್ತಳೆ ಪಟ್ಟೆಯ ಹುಳವನ್ನಂತೂ ಯಾರೂ ಮುಟ್ಟಬಾರದು, ಅದರ ರಸ ತಾಗಿದರೆ ಬೊಬ್ಬೆ ಏಳುತ್ತದೆ.

ಚಿತ್ರ ಬರೆಯುವಾಗ ಬೆನ್ನಿನ ನಡುಗೆರೆಯಿಂದ ಶುರು ಮಾಡಿ. ಜೀರುಂಡೆಯ ಗುರುತೇ ಆ ಗೆರೆ, ಎರಡು ಗಟ್ಟಿ ರೆಕ್ಕೆಗಳು ಅಲ್ಲಿ ಬಾಗಿಲ ಕದಗಳ ಹಾಗೆ ಕೂಡಿಕೊಳ್ಳುತ್ತವೆ. ಏಳು ಚುಕ್ಕಿಯ ಹುಳಕ್ಕೆ ಆಚೆ ಮೂರು, ಈಚೆ ಮೂರು, ಏಳನೆಯದು ಗೆರೆಯ ಮೇಲೇ, ಅರ್ಧ ಅಲ್ಲಿ ಅರ್ಧ ಇಲ್ಲಿ. ಆ ಕೊನೇ ಚುಕ್ಕಿ ಇಡುವಾಗ ಮಕ್ಕಳು ಉಸಿರು ಬಿಗಿಹಿಡಿಯುವುದನ್ನು ನೋಡಬೇಕು! ಬಣ್ಣ ಹಚ್ಚಿದ ಎರಡೂ ರೆಕ್ಕೆಗಳನ್ನು ಕತ್ತರಿಸಿ, ಇನ್ನೊಂದು ಹಾಳೆಯಲ್ಲಿ ಬರೆದ ಮೈಯ ಮೇಲೆ, ತಲೆಯ ಕಡೆಯ ಅಂಚನ್ನು ಮಾತ್ರ ಅಂಟಿಸಿ. ಕೆಳಗೆ ಬಟರ್ ಪೇಪರನ್ನು ಮಡಚಿ ಇಡಿ. ಕದ ತೆಗೆದರೆ ಹಾರುವ ತೆಳು ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಮೇಲಿನದು ಕವಚ, ಹಾರಿಸುವುದು ಒಳಗಿನದು ಎಂಬುದನ್ನು ಇನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಜೀರ್ಜಿಂಬೆ ಎಂಬ ಮಿರಿಮಿರಿ ಮಿಂಚುವ ಜೀರುಂಡೆಯ ಹಸಿರು ಮಾತ್ರ ಬಿಳಿ ಹಾಳೆಯಲ್ಲಿ ಬರುವುದೇ ಇಲ್ಲ. ಅದರ ಮಿರುಗು ಬಣ್ಣದ್ದಲ್ಲ, ಚಿಪ್ಪಿನ ಅತಿ ತೆಳು ಪದರಗಳಿಗೆ ಬಿದ್ದ ಬೆಳಕಿನದು. ಅದಕ್ಕೇ ಹುಳ ಸತ್ತರೂ ಬಣ್ಣ ಮಾಸದು. ಹಿಂದೆ ನಮ್ಮ ದೇಶದಲ್ಲಿ ಆ ಚಿಪ್ಪುಗಳನ್ನು ಬಟ್ಟೆಯ ಕಸೂತಿಗೂ ಹೊಲಿಯುತ್ತಿದ್ದರು. ಕಪ್ಪು ಹಾಳೆಯ ಮೇಲೆ ಹಸಿರು, ನೀಲಿ, ಚಿನ್ನದ ಬಣ್ಣ ಒಂದರ ಮೇಲೊಂದು ತೀಡಿಸಿ ನೋಡಿ, ಸ್ವಲ್ಪ ಹತ್ತಿರ ಬರುತ್ತದೆ.

ಇನ್ನೊಂದು ಹಾಳೆಯನ್ನು ಮರಿಹುಳಕ್ಕೆ ಮೀಸಲಿಡಿ. ಗುಲಗಂಜಿ ಹುಳದ ಮರಿ ಕಪ್ಪಗೆ, ಮೊಸಳೆಮರಿಯಂತೆ ಇರುತ್ತದೆ, ಗಿಡದ ಹೇನುಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತದೆ. ನಮ್ಮ ಮಕ್ಕಳು ಅದನ್ನು ಕಂಡಲ್ಲಿ ಹೊಸಕಿ ಹಾಕುತ್ತಿದ್ದರು. ಅದಕ್ಕೆ ಬಣ್ಣ ಹಚ್ಚಿದ ವಾರವೇ ಒಬ್ಬಳು ಓಡಿಬಂದು, ನೀರು ಹಾಕುತ್ತಿದ್ದವನ ಕೈಹಿಡಿದು ನಿಲ್ಲಿಸಿದಳು, "ತಡಿಯೋ, ಅಲ್ಲಿ ಮರಿ ಐತೆ" ಅಂತ.