ಲೋನ್ ಮುಗಿಯೋ ಹೊತ್ತಿಗೆ ಬ್ಯಾಂಕಿನವರು ಹಳೇ ಬಾಕಿ ಇದೆ ಅಂತಿದ್ದಾರೆ, ಕಟ್ಟಬೇಕಾ?

ಕೋವಿಡ್ ಟೈಮಲ್ಲಿ ಹೋಮ್ ಲೋನ್ ರೀಸ್ಟ್ರಕ್ಚರ್ (ಕಂತು, ಅವಧಿ ಹೊಸದಾಗಿ ಹೊಂದಿಸೋದು) ಮಾಡಿಸಿದ್ದೀರಿ, ಅಲ್ಲಿಂದ ಒಂದು ಕಂತೂ ಬಿಟ್ಟಿಲ್ಲ, ಇನ್ನು ನಾಲ್ಕೇ ಕಂತು ಇದೆ ಅನ್ನುವಾಗ 38,000 ಚಿಲ್ಲರೆ ಹಳೇ ಬಾಕಿ ಅಂತ ಫೋನ್ ಬಂದಿದೆ. ಕಟ್ಟಿ ಕೈ ತೊಳ್ಕೊಳ್ಳಲಾ, ಜಗಳ ಆಡಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಮೊದಲು ಆ ಬಾಕಿ ಯಾವ ತಿಂಗಳಲ್ಲಿ ಹುಟ್ಟಿತು ಅಂತ ಹುಡುಕಿ.

ನನಗೂ ಇದೇ ಆಗಿತ್ತು. 2025ರ ಜೂನ್‌ನಲ್ಲಿ ನನ್ನ ಬ್ಯಾಂಕಿನವರು 18,880 ರೂಪಾಯಿ ಬಾಕಿ ಅಂದರು. ನಾನು ಒಂದು ವಾರ ಬ್ರಾಂಚಿಗೆ ಹೋಗಿ ಕೂಗಾಡಿದ್ದೇ ಬಂತು, ಕೌಂಟರ್‌ನಲ್ಲಿದ್ದ ಹುಡುಗ ಪಾಪ, 'ಸಿಸ್ಟಮ್ ತೋರಿಸ್ತಿದೆ ಸರ್' ಅನ್ನೋದು ಬಿಟ್ಟು ಬೇರೇನೂ ಹೇಳಲಿಲ್ಲ. ಕೊನೆಗೆ ರೀಸ್ಟ್ರಕ್ಚರ್ ಆದ ದಿನದಿಂದ ಲೋನ್ ಸ್ಟೇಟ್‌ಮೆಂಟ್ ತೆಗೆಸಿಕೊಂಡು, ಪಕ್ಕದಲ್ಲಿ ಪಾಸ್‌ಬುಕ್ ಇಟ್ಟುಕೊಂಡು, ಸ್ಕೇಲ್ ಹಿಡಿದು ಒಂದೊಂದೇ ಸಾಲು ನೋಡುತ್ತಾ ಹೋದೆ. 2022ರ ನವೆಂಬರ್ ತನಕ ಎಲ್ಲಾ ಸರಿ ಇತ್ತು. ಆ ತಿಂಗಳು 5ನೇ ತಾರೀಕು ಖಾತೆಯಲ್ಲಿ ದುಡ್ಡು ಕಮ್ಮಿ ಇದ್ದು ಕಂತು ಬೌನ್ಸ್ ಆಗಿತ್ತು, ತಪ್ಪು ನನ್ನದೇ. 7ಕ್ಕೆ ಪೂರ್ತಿ ಕಂತು ಹಾಕಿದ್ದೆ. ಆದರೆ ಬ್ಯಾಂಕು ಅದರಲ್ಲಿ ಮೊದಲು ಬೌನ್ಸ್ ಚಾರ್ಜ್ 590 (500ಕ್ಕೆ ಜಿಎಸ್‌ಟಿ ಸೇರಿ) ಮುರಿದುಕೊಂಡು ಉಳಿದದ್ದನ್ನು ಕಂತಿಗೆ ಜಮಾ ಮಾಡಿತ್ತು. ಅಂದರೆ ಆ ಕಂತಿಗೆ 590 ಕಮ್ಮಿ ಬಿತ್ತು. ಮುಂದಿನ ತಿಂಗಳು 'ಬಾಕಿ ಇದೆ' ಅಂತ ಇನ್ನೊಂದು 590, ಅದನ್ನೂ ಕಂತಿನಿಂದಲೇ ಮುರಿದರು. ಹೀಗೇ ಪ್ರತಿ ತಿಂಗಳೂ. ಕ್ಯಾಲ್ಕುಲೇಟರ್‌ನಲ್ಲಿ 18,880ನ್ನು 590ರಿಂದ ಭಾಗಿಸಿದರೆ ಸರಿಯಾಗಿ 32 ಬಂತು. ನವೆಂಬರ್‌ನಿಂದ ಜೂನ್‌ಗೆ ಎಷ್ಟು ತಿಂಗಳು? 32. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇಷ್ಟು ಕೈಯಲ್ಲಿದ್ದರೆ ಕೂಗಾಡೋದೇ ಬೇಡ. ಒಂದು ಪುಟದ ಅರ್ಜಿ ಬರೆದು, ಆ ಸಾಲಿಗೆ ಹೈಲೈಟರ್ ಹಾಕಿ ಜೆರಾಕ್ಸ್ ಸೇರಿಸಿ, ಬ್ರಾಂಚಿನಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅದನ್ನೇ ಅವರ ದೂರು ವಿಭಾಗಕ್ಕೆ ಮೇಲ್ ಮಾಡಿ. ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮವನ್ನೂ ಅದರಲ್ಲಿ ಬರೆಯಿರಿ: ದಂಡ ತಪ್ಪಿನ ಗಾತ್ರಕ್ಕೆ ತಕ್ಕಂತಿರಬೇಕು, ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು, ದಂಡ ಹಾಕಿದಾಗ ಕಾರಣ ಸಮೇತ ತಿಳಿಸಬೇಕು. ಹಳೇ ಸಾಲಗಳೂ 2024ರ ಜೂನ್ 30ರೊಳಗೆ ಇದರಡಿ ಬರಬೇಕಿತ್ತು. ನನಗೆ ಅಂಥ ಒಂದು ಮೆಸೇಜೂ ಬಂದಿರಲಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. (ನಿಮ್ಮದು ಬ್ಯಾಂಕಲ್ಲ, ಪತ್ತಿನ ಸಹಕಾರ ಸಂಘ ಅಂತಾದರೆ ಈ ದಾರಿ ಇಲ್ಲ. ಸಹಕಾರ ಇಲಾಖೆಗೆ ಹೋಗಬೇಕು.) ನನ್ನದು ಅಲ್ಲಿವರೆಗೆ ಹೋಗಲಿಲ್ಲ. ಇಪ್ಪತ್ತು ದಿನದಲ್ಲಿ 31 ಚಾರ್ಜ್ ವಾಪಸ್ ಮಾಡಿದರು, ಮೊದಲನೇ 590 ನಾನೇ ಕಟ್ಟಿದೆ.

ಈ ಮಧ್ಯೆ ಎರಡು ತಪ್ಪು ಮಾಡಬೇಡಿ. ಸಿಟ್ಟಿಗೆ ಕಂತು ನಿಲ್ಲಿಸಬೇಡಿ, ಆಗ ನಿಜವಾದ ಬಾಕಿಯೇ ಶುರುವಾಗುತ್ತೆ. ಇನ್ನೊಂದು, ಯಾರಾದರೂ ಫೋನ್ ಮಾಡಿ 'ಅರ್ಧ ಕಟ್ಟಿ ಸಾರ್, ಸೆಟಲ್‌ಮೆಂಟ್ ಮಾಡಿಕೊಡ್ತೀವಿ' ಅಂದರೆ ಸುಮ್ನೆ ಬೇಡ ಅನ್ನಿ. ಇಷ್ಟು ವರ್ಷ ಕಟ್ಟಿದ ಸಾಲ ಸಿಬಿಲ್‌ನಲ್ಲಿ (ನಿಮ್ಮ ಸಾಲದ ಇತಿಹಾಸದ ದಾಖಲೆ) 'ಕ್ಲೋಸ್ಡ್' ಅಂತ ಬರೋ ಬದಲು 'ಸೆಟಲ್ಡ್' ಅಂತ ಬೀಳುತ್ತೆ. ಮುಂದೆ ಮಗಳ ಎಜುಕೇಶನ್ ಲೋನ್‌ಗೆ ಹೋದಾಗ ಅದೇ ಪದ ಅಡ್ಡ ಬರುತ್ತೆ.

ಬಾಕಿ ಕಟ್ಟದಿದ್ದರೆ ಮನೆ ಪತ್ರ ಕೊಡಲ್ಲ ಅಂತ ಬ್ಯಾಂಕಿನವರು ಹೆದರಿಸಿದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲೆಕ್ಕ ಪೂರ್ತಿ ಚುಕ್ತಾ ಆದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು, ಇದೂ ಆರ್‌ಬಿಐ ನಿಯಮವೇ. ಆದರೆ ಆ 30 ದಿನ ಶುರುವಾಗೋದು ಲೆಕ್ಕ ಚುಕ್ತಾ ಆದ ಮೇಲೆ, ಅದಕ್ಕೇ ಈ ಬಾಕಿ ತಕರಾರನ್ನು ಕೊನೇ ಕಂತಿಗೆ ಮುಂಚೆ ಬರವಣಿಗೆಯಲ್ಲಿ ಬಗೆಹರಿಸಿಕೊಳ್ಳಿ.

ಇವತ್ತೇ ಸ್ಟೇಟ್‌ಮೆಂಟ್ ಕೇಳಿ. ಅಲ್ಲೀತನಕ ನಿಮ್ಮ ಬ್ಯಾಂಕಿನ ಬೌನ್ಸ್ ಚಾರ್ಜ್ ಎಷ್ಟು ಅಂತ ನೋಡಿ, ಅವರು ಹೇಳಿದ ಮೊತ್ತವನ್ನು ಅದರಿಂದ ಭಾಗಿಸಿ. ಎಷ್ಟು ಬಂತು ಅಂತ ಹೇಳಿ, ಮುಂದೆ ನೋಡೋಣ.